ಗೌರಕ್ಕನ ಟೋಪಿ ಮತ್ತು ನಮ್ಮ ಕೊಳದ ಕಾಯಿದೆ

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಒಂದು ನೇರಳೆ ಬಣ್ಣದ ರಬ್ಬರ್ ಟೋಪಿ ತೂಗುತ್ತಿರುತ್ತದೆ. ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಮೊನ್ನೆ ಊರಿನಿಂದ ಬಂದಿದ್ದ ಹಿರಿಯರೊಬ್ಬರು ಚಹಾ ಕುಡಿಯುತ್ತ ಅದನ್ನೇ ನೋಡಿ ನೋಡಿ, ಕಡೆಗೆ ತಡೆಯಲಾರದೆ, "ಬದನಿಕಾಯಿ ಒಣಗಾಕ ಹಾಕೀರೇನ್ರಿ?" ಎಂದು ಕೇಳಿಯೇ ಬಿಟ್ಟರು. ಅಲ್ಲ, ಅದು ನಮ್ಮ ಅಕ್ಕನ ಟೋಪಿ ಎಂದೆ. ಅವರು ಬಸಿಯಲ್ಲಿದ್ದ ಚಹಾವನ್ನು ಮುಗಿಸಿ, "ಅಕ್ಕಾರು ಯಾವ ನಾಟಕ ಕಂಪನ್ಯಾಗ ಅದಾರ್ರಿ?" ಎಂದರು. ಹೀಗೆ ಕೇಳಿದವರಿಗೆಲ್ಲ ನಾನು ಚಹಾದ ಜೊತೆಗೆ ಟೋಪಿಯ ಕಥೆಯನ್ನೂ ಕೊಡುತ್ತ ಬಂದಿದ್ದೇನೆ. ನಿಮಗೆ ಇಲ್ಲಿಂದ ಚಹಾ ಕೊಡಲಾರೆ, ಕಥೆಯನ್ನಾದರೂ ತೆಗೆದುಕೊಳ್ಳಿ.

ನಾನು ಪುಣೆಯವನಾಗಿ ಬಹಳ ಕಾಲವಾಯಿತು. ಗುಳೇದಗುಡ್ಡದ ರವಿಕೆ ಖಣ, ಇಳಕಲ್ಲ ಸೀರೆ ಮಾರುವ ಅಂಗಡಿ ನನ್ನದು. ಮೊದಲು ಪೇಟೆಯೊಳಗಿನ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದೆವು. ಆಮೇಲೆ ಕಾತ್ರಜದ ಕಡೆ ಫ್ಲ್ಯಾಟು ತೆಗೆದುಕೊಂಡೆವು. ಊರ ಕಡೆಯ ಬಸ್ಸು ಅಲ್ಲಿಂದಲೇ ಹೋಗುತ್ತದೆ, ಅದಕ್ಕೇ ಕಾತ್ರಜ ಎಂದು ನಾನು ಎಲ್ಲರಿಗೂ ಹೇಳುವುದುಂಟು. ನಿಜವಾದ ಕಾರಣ ಬಿಲ್ಡರನ ಬಣ್ಣದ ಪುಸ್ತಿಕೆ. ಅದರ ಮುಖಪುಟದ ಮೇಲೆ ನೀಲಿ ಈಜುಕೊಳ, ಪಕ್ಕದಲ್ಲಿ ಹೊಗೆಯಾಡುವ ಬಿಸಿನೀರಿನ ತೊಟ್ಟಿ, ಅದರ ದಡದಲ್ಲಿ ಕಪ್ಪು ಕನ್ನಡಕದ ಒಬ್ಬ ಹೆಂಗಸು. ನನ್ನ ಹೆಂಡತಿ ಶಾಂತಾ ವಿಜಯಪುರದವಳು. ನೀರಿನ ವಿಷಯದಲ್ಲಿ ಆ ಊರಿನವರು ಸುಮ್ಮನೆ ಮರುಳಾಗುವವರಲ್ಲ. ಅವಳೂ ಆ ಚಿತ್ರವನ್ನು ನೋಡಿ, "ಹೊರಗ ಇಷ್ಟ್ ನೀರ್ ಅದ ಅಂದ್ರ ನಳದಾಗೂ ಬರಬಹುದು ಬಿಡ್ರಿ" ಎಂದು ಒಪ್ಪಿಕೊಂಡಳು.

ನಳದಲ್ಲಿ ನೀರು ಬರಲಿಲ್ಲ. ಟ್ಯಾಂಕರಿನಲ್ಲಿ ಬಂತು, ಈಗಲೂ ಟ್ಯಾಂಕರಿನಲ್ಲೇ ಬರುತ್ತದೆ. ಮನೆಯಲ್ಲಿ ಒಂದೇ ತಂಬಿಗೆಯಲ್ಲಿ ಮುಖ ತೊಳೆದು ಬಾಲ್ಕನಿಗೆ ಬಂದು ನಿಂತರೆ ಕೆಳಗೆ ಕೊಳ ತುಂಬಿ ಹೊಳೆಯುತ್ತಿರುತ್ತದೆ. ಅದಕ್ಕೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ನೀರಿನ ಕೊರತೆ, ಮಳೆಗಾಲದಲ್ಲಿ ಮಳೆ, ಚಳಿಗಾಲದಲ್ಲಿ ಚಳಿ ಎಂದು ಕೊಳ ಮುಚ್ಚಿರುತ್ತದೆ. ಈ ಮೂರೂ ಇಲ್ಲದ ದಿನ ಬಂದರೆ ದುರಸ್ತಿ. ಅದೂ ಮುಗಿದು ಉಳಿದ ಕೆಲವು ದಿನ ಮಾತ್ರ ಕೊಳ ತೆರೆದಿರುತ್ತದೆ. ಬಿಸಿನೀರಿನ ತೊಟ್ಟಿಯ ಕಥೆ ಇನ್ನೂ ಚೆನ್ನಾಗಿದೆ. ಅದರ ಹೀಟರು ಎಷ್ಟು ಕರೆಂಟು ತಿನ್ನುತ್ತದೆಂದು ಯಾರೋ ಹೇಳಿದ ಕೂಡಲೇ ಸೊಸೈಟಿಯ ಎಲ್ಲರಿಗೂ ತಣ್ಣೀರು ಆರೋಗ್ಯಕ್ಕೆ ಒಳ್ಳೆಯದೆಂದು ಹೊಳೆಯಿತು. ಹೀಟರು ಒಮ್ಮೆಯೂ ಹೊತ್ತಲಿಲ್ಲ. ಈಗ ಆ ತೊಟ್ಟಿಯಲ್ಲಿ ನಾವು ಪ್ರತಿವರ್ಷ ಗಣಪತಿ ವಿಸರ್ಜನೆ ಮಾಡುತ್ತೇವೆ. ಆದರೂ ಗೋಡೆಯ ಮೇಲೆ "ಹೃದಯದ ತೊಂದರೆ ಇರುವವರು ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಕೂರಬಾರದು" ಎಂಬ ಬರಹ ಹಾಗೆಯೇ ಇದೆ. ಗಣಪತಿಯೂ ಅಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ.

ಬರಹದ ಮಾತು ಬಂತು. ಪುಣೆಯ ಜನಕ್ಕೆ ಪಾಟಿ, ಅಂದರೆ ಫಲಕ, ಬರೆಸುವುದೆಂದರೆ ಪ್ರಾಣ. ಎರಡೇ ಸಾಲಿನಲ್ಲಿ ಎದುರಿನವನ ಮಾನ ತೆಗೆದು, ಅದರ ಕೆಳಗೆ 'ದಯವಿಟ್ಟು' ಎಂದು ಸೇರಿಸುವ ಕಲೆ ಈ ಊರಿನದು. ನಮ್ಮ ಸೊಸೈಟಿಯ ಅಧ್ಯಕ್ಷರು ಜೋಶಿ ಕಾಕಾ. ನಿವೃತ್ತ ಗಣಿತದ ಮಾಸ್ತರರು, ಈ ಕಲೆಯಲ್ಲಿ ಪಳಗಿದ ಕೈ. ನಾನು ಕಾರ್ಯದರ್ಶಿ. ಕೊಳದ ಬಳಿ ಹಾಕಿರುವ ನಿಯಮಗಳ ಫಲಕ ನಮ್ಮಿಬ್ಬರ ಕೂಸು. "ಸ್ನಾನ ಮಾಡಿ ಇಳಿಯಿರಿ, ಇಳಿದು ಸ್ನಾನ ಮಾಡಬೇಡಿ" ಎನ್ನುವುದು ಅವರದು. "ಎಣ್ಣೆ ಹಚ್ಚಿದ ತಲೆಗಳು ದಡದಲ್ಲೇ ಇರಲಿ" ಎನ್ನುವುದೂ ಅವರದೇ. "ಈಜಿನ ಪರೀಕ್ಷೆ ಕೊಡದವರು ಹಗ್ಗ ದಾಟಿ ಆಳಕ್ಕೆ ಹೋಗಬಾರದು, ಹೋದರೆ ಮರಳಿ ಬಂದು ಸಮಿತಿಯನ್ನು ದೂರಬಾರದು" ಎಂಬುದನ್ನು ಓದಲು ಪಕ್ಕದ ಸೊಸೈಟಿಯವರೂ ಬರುತ್ತಾರೆ.

ನನ್ನ ಕೊಡುಗೆ ಒಂದೇ ಒಂದು ನಿಯಮ. ಒಮ್ಮೆ ಬಣ್ಣ ಎರಚುವ ರಂಗಪಂಚಮಿಯ ದಿನ ಒಬ್ಬ ಮಹಾನುಭಾವ ಹತ್ತಿಯ ಕುರ್ತಾದಲ್ಲೇ ಕೊಳಕ್ಕೆ ಹಾರಿದ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು, ಫಿಲ್ಟರು ಕಟ್ಟಿಕೊಂಡಿತು. ಸಭೆ ಸೇರಿತು. ಬಟ್ಟೆಯ ವಿಷಯವಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ಹತ್ತಿ ಎಳೆ ಬಿಡುತ್ತದೆ, ಬಣ್ಣ ಬಿಡುತ್ತದೆ, ಇಳಕಲ್ಲ ಸೀರೆಯಂತೂ ಮೊದಲ ಎರಡು ನೀರಿಗೆ ಕುಂಕುಮ ಕದಡಿದಂತೆ ಬಿಡುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಿದೆ. "ಕೊಳಕ್ಕೆ ಇಳಿಯುವವರು ನೈಲಾನ್ ಬಟ್ಟೆಯ, ಹೊಲಿದ, ಮೈಗೆ ಭದ್ರವಾಗಿ ಕೂತ ಉಡುಪನ್ನು ಮಾತ್ರ ಧರಿಸತಕ್ಕದ್ದು" ಎಂದು ಬರೆಸಿದೆ. ಜೋಶಿ ಕಾಕಾ ನನ್ನ ಬೆನ್ನು ತಟ್ಟಿದರು. ಜೀವನವಿಡೀ ಸೀರೆ ಮಾರಿ ಹೊಟ್ಟೆ ಹೊರೆದವನು ಸೀರೆಗೇ ಬಾಗಿಲು ಮುಚ್ಚಿದ್ದೆ. ಆದರೆ ಆ ದಿನ ನನಗೆ ಅದು ಕಾಣಲಿಲ್ಲ, ಕಂಡದ್ದು ಫಲಕದ ಮೇಲಿನ ನನ್ನ ವಾಕ್ಯ ಮಾತ್ರ. ಇನ್ನೊಂದು ಸಂಗತಿ: ನನಗೆ ಈಜು ಬರುವುದಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಇಲ್ಲಿ ಬದನೆಕಾಯಿ ತಿನ್ನುವ ಧೈರ್ಯವೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದಳು ನಮ್ಮ ಗೌರಕ್ಕ.

ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ. ಮೊಮ್ಮಕ್ಕಳನ್ನು ಕಂಡವಳು. ಇಳಕಲ್ಲ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ತಲೆಯ ಹಿಂದೆ ದೊಡ್ಡ ತುರುಬು. ಮಾತು ಕಡಿಮೆ, ಆದರೆ ಆಡಿದ ಮಾತು ತಲೆಬಾಗಿಲಿಗೆ ಮೊಳೆ ಹೊಡೆದಂತೆ. ಎರಡೂ ಮೊಣಕಾಲು ನೋವೆಂದು ಪುಣೆಯ ಡಾಕ್ಟರರಿಗೆ ತೋರಿಸಲು ಬಂದಿದ್ದಳು. ಡಾಕ್ಟರರು ಅವಳ ಕಾಲನ್ನು ಅತ್ತಿತ್ತ ತಿರುಗಿಸಿ, "ನೆಲದ ಮೇಲೆ ಇವರಿಗೆ ವ್ಯಾಯಾಮ ಆಗುವುದಿಲ್ಲ, ಎದೆಮಟ್ಟದ ನೀರಿನಲ್ಲಿ ದಿನಾ ನಡೆಸಿ, ಭಾರ ಬೀಳುವುದಿಲ್ಲ" ಎಂದರು ಮರಾಠಿಯಲ್ಲಿ. ನಾನು ಕನ್ನಡದಲ್ಲಿ ಹೇಳಿದೆ.

"ನೀರಾಗ?" ಎಂದಳು ಅಕ್ಕ.

"ನೀರಾಗ."

ರಿಕ್ಷಾದಲ್ಲಿ ಕೂತ ಮೇಲೆ ಅವಳು, "ಡಾಕ್ಟರ್ ಭಾಳ ಛಲೋ ಅದಾರ" ಎಂದಳು. ಅವಳ ಮುಖದಲ್ಲಿ ಒಂದು ನಗು ಹೊರಗೆ ಬರಲೋ ಬೇಡವೋ ಎಂದು ನಿಂತಿತ್ತು. ಆ ನಗುವನ್ನು ನಾನು ಎಲ್ಲೋ ನೋಡಿದ್ದೆ.

ಎಲ್ಲಿ ಎಂದರೆ, ಚಿಕ್ಕಂದಿನಲ್ಲಿ ನಮ್ಮ ತೋಟದ ಬಾವಿಯಲ್ಲಿ. ಕಲ್ಲು ಕಟ್ಟಿದ, ಮೆಟ್ಟಿಲಿನ ಬಾವಿ. ಊರಿನ ಹುಡುಗರೆಲ್ಲ ಈಜು ಕಲಿತದ್ದು ಅಲ್ಲಿಯೇ. ಕಲಿಸುವ ಕ್ರಮ ಸರಳ: ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವುದು, ಹಿಂದಿನಿಂದ ದಬ್ಬುವುದು. ಬುರುಡೆ ತೇಲುತ್ತದೆ, ಅದರ ಕೆಳಗೆ ನೀವೂ ತೇಲುತ್ತೀರಿ. ಕೆಲವು ದಿನದ ಮೇಲೆ ಒಂದು ದಿನ ಹೇಳದೆ ಕೇಳದೆ ಬುರುಡೆ ಬಿಚ್ಚಿ ದಬ್ಬುತ್ತಾರೆ. ಆ ದಿನ ಈಜು ಬಂತೆಂದು ಲೆಕ್ಕ. ನಮ್ಮ ಕೇರಿಯಲ್ಲಿ ಹೀಗೆ ದಬ್ಬುವ ಅಧಿಕಾರ ಗೌರಕ್ಕನಿಗಿತ್ತು. ಲಂಗವನ್ನು ಕಚ್ಚೆ ಕಟ್ಟಿಕೊಂಡು ಬಾವಿಯ ದಂಡೆಯಿಂದ ಹಾರಿದರೆ ತಳದ ಕೆಸರು ಹಿಡಿದುಕೊಂಡೇ ಮೇಲೆ ಬರುತ್ತಿದ್ದಳು. ಆಮೇಲೆ ಅಂಗಾತ ತೇಲುವಳು. ಕೈಯಿಲ್ಲ, ಕಾಲಿಲ್ಲ, ಉಸಿರೂ ಇಲ್ಲವೇನೋ ಎಂಬಂತೆ, ಬಾವಿಯ ಬಾಯಿಯಷ್ಟೇ ಅಗಲದ ಆಕಾಶ ನೋಡುತ್ತ ಮಲಗಿಬಿಡುವಳು. ಎಮ್ಮೆ ಹೊಡೆದುಕೊಂಡು ಹೋಗುವವರು ಬಗ್ಗಿ ನೋಡಿ ಹೌಹಾರುತ್ತಿದ್ದರು.

ನನಗೂ ಬುರುಡೆ ಕಟ್ಟಿದ್ದಳು. "ನಾಳೆ ಬಿಚ್ಚತೀನಿ, ಅಂಜಬ್ಯಾಡ" ಎಂದಿದ್ದಳು. ಆ ನಾಳೆ ಬರಲಿಲ್ಲ. ಅಂದೇ ಸಂಜೆ ಅವ್ವ ಬಾವಿಯ ದಂಡೆಗೆ ಬಂದು, "ಗೌರೀ, ಮ್ಯಾಲ ಬಾ" ಎಂದಳು. ಅಕ್ಕ ಅಂಗಾತ ತೇಲುತ್ತಿದ್ದಳು. ಅವ್ವ ಇನ್ನೊಮ್ಮೆ ಕರೆದಳು. ಅಕ್ಕ ಎದ್ದು ಮೆಟ್ಟಿಲು ಹತ್ತಿ ಬಂದಳು. "ನೀ ಈಗ ದೊಡ್ಡಾಕಿ ಆಗಾಕ ಹತ್ತೀದಿ. ಇನ್ನ ಬಾವ್ಯಾಗ ಇಳಿಯಂಗಿಲ್ಲ" ಎಂದಳು ಅವ್ವ. ಜಗಳವಿಲ್ಲ, ಅಳುವಿಲ್ಲ. ಯಾವ ಫಲಕದ ಮೇಲೂ ಬರೆಯದ ಕಾಯಿದೆ, ಆದ್ದರಿಂದ ವಾದಿಸಲು ಎಡೆಯೂ ಇಲ್ಲ. ಅಕ್ಕ ಮತ್ತೆಂದೂ ನೀರಿಗೆ ಇಳಿಯಲಿಲ್ಲ. ನನ್ನ ಬುರುಡೆಯನ್ನು ಯಾರೂ ಬಿಚ್ಚಲಿಲ್ಲ, ನಾನು ಅದನ್ನು ಕಟ್ಟಿಕೊಂಡೇ ದೊಡ್ಡವನಾದೆ ಅನ್ನಿ.

ಇದೆಲ್ಲ ನೆನಪಾದಾಗ ರಿಕ್ಷಾದಲ್ಲೇ ನನ್ನ ನೈಲಾನ್ ನಿಯಮವೂ ನೆನಪಾಯಿತು. ಮನೆಗೆ ಬಂದವಳೇ ಅಕ್ಕ ನೇರ ಕೊಳದ ಬಳಿಗೆ ಹೋದಳು. ಗಣಪತಿಯ ತೊಟ್ಟಿಯನ್ನು ನೋಡಿ, "ಬಚ್ಚಲಾ ಯಾಕ ಅಂಗಳದಾಗ ಕಟ್ಟ್ಯಾರ?" ಎಂದು ಕೇಳಿದಳು. ಆಮೇಲೆ ಕೊಳದ ದಂಡೆಗೆ ಬಂದಳು. ಬಗ್ಗಲಾರದೆ ಬಗ್ಗಿ ನೀರಿಗೆ ಬೆರಳು ಅದ್ದಿದಳು.

"ಅಕ್ಕಾ, ಹಿಂಗ ಸೀರಿ ಉಟ್ಟು ಇಳಿಯಾಕ ಬರಂಗಿಲ್ಲ. ಇಲ್ಲೆ ಕಾಯಿದೆ ಐತಿ" ಎಂದೆ.

"ಯಾರ ಮಾಡಿದ್ದು?"

ಸಮಿತಿ ಮಾಡಿದ್ದು ಎಂದೆ. ಸಮಿತಿ ಎಂಬ ಶಬ್ದ ಮನುಷ್ಯನಿಗೆ ಎಷ್ಟು ಉಪಕಾರ ಮಾಡುತ್ತದೆಂದು ಅಂದು ತಿಳಿಯಿತು.

ಶಾಂತಾ ಅವಳನ್ನು ಈಜುಡುಪಿನ ಅಂಗಡಿಗೆ ಕರೆದುಕೊಂಡು ಹೋದಳು. ಮೈಮುಚ್ಚುವ ಈಜುಡುಪೂ ಬಂದಿದೆಯಲ್ಲ, ಮೊಣಕಾಲಿನವರೆಗೆ ಇರುವಂಥದು, ಅದನ್ನು ತೋರಿಸಿದರು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ನನ್ನ ಮೊಮ್ಮಗಂದು" ಎಂದು ಕೆಳಗಿಟ್ಟಳಂತೆ. ಮನೆಗೆ ಬಂದು ನನ್ನೆದುರು ಕೂತಳು. "ತಮ್ಮನ ಊರಾಗ ಜನರ ಮುಂದ ಅದನ್ನ ಹಾಕ್ಕೊಂಡು ನಿಂದ್ರಾಕ ನನ್ನ ಕಡಿಂದ ಆಗಂಗಿಲ್ಲ. ಹೋಗಲಿ ಬಿಡು. ನಾಡಿದ್ದ ಊರಿಗೆ ಬಸ್ ಹತ್ತಿಸು." ಹೋಗಲಿ ಬಿಡು ಎನ್ನುವಾಗ ಅವಳ ದನಿ ಬಾವಿಯ ಮೆಟ್ಟಿಲು ಹತ್ತಿ ಬಂದ ದಿನದಷ್ಟೇ ಸಪಾಟಾಗಿತ್ತು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಈ ಸಲ ದಂಡೆಯ ಮೇಲೆ ನಿಂತು ಕೂಗಿದವನು ನಾನೇ ಆಗಿದ್ದೆ.

ಜೋಶಿ ಕಾಕಾರ ಮನೆಗೆ ಹೋದೆ. ನೋವಿನ ವಿಷಯ, ವಯಸ್ಸಾದವಳು, ಒಂದು ಸಲ ಸೀರೆಗೆ ವಿನಾಯಿತಿ ಕೊಡೋಣ ಎಂದೆ.

"ಚಾಲಣಾರ ನಾಹೀ, ಮಲ್ಲಪ್ಪಶೇಟ್," ಎಂದರು ಅವರು. ನಡೆಯುವುದಿಲ್ಲ ಎಂದರೆ ಇಲ್ಲಿ ಮಾತು ಮುಗಿದಂತೆ. "ಎಷ್ಟು ಸುಂದರವಾದ ನಿಯಮ! ನೀವೇ ಬರೆದದ್ದು! ಅದನ್ನು ಮುರಿಯಲು ನಾನು ಬಿಡುತ್ತೇನೆಯೇ?"

ಒಳಗಿನಿಂದ ಅವರ ಹೆಂಡತಿ ಸುಲಭಾ ವೈನಿ, ಅಂದರೆ ನಮ್ಮೆಲ್ಲರ ಸುಲಭಾ ಅತ್ತಿಗೆ, ಅವಲಕ್ಕಿಯ ಪೋಹೆಯ ತಟ್ಟೆ ತಂದಿಟ್ಟರು. ನಮ್ಮ ಮಾತು ಕೇಳಿಸಿಕೊಂಡಿದ್ದ ಅವರು ಅಂದು ಮಧ್ಯಾಹ್ನವೇ ನಮ್ಮ ಮನೆಗೆ ಬಂದು ಅಕ್ಕನ ಬಳಿ ಕೂತರು. ಅಕ್ಕನಿಗೆ ಮರಾಠಿ ಬಾರದು, ವೈನಿಗೆ ಕನ್ನಡ ಬಾರದು. ಇಬ್ಬರಿಗೂ ಸೀರೆ ಬರುತ್ತದೆ. ವೈನಿ ಅಕ್ಕನ ಸೆರಗು ಮುಟ್ಟಿ ನೋಡಿದರು, ಅಕ್ಕ ವೈನಿಯ ರವಿಕೆಯ ಖಣ ಮುಟ್ಟಿ, "ನಮ್ಮೂರಿಂದು" ಎಂದಳು. ಸ್ನೇಹವಾಯಿತು. ಸ್ವಲ್ಪ ಹೊತ್ತಿಗೆ ಅಕ್ಕ ನನ್ನನ್ನು ಕರೆದಳು.

"ಮಲ್ಲ್ಯಾ, ಆ ಪಾಟಿ ಮ್ಯಾಲ ಏನೈತಿ, ಬಿಡದಂಗ ಹೇಳು."

ಹೇಳಿದೆ. ನೈಲಾನ್, ಹೊಲಿದ, ಭದ್ರವಾಗಿ ಕೂತ ಉಡುಪು.

"ಅದರಾಗ ಸೀರಿ ಬ್ಯಾಡ ಅಂತ ಎಲ್ಲೈತಿ?"

ಎಲ್ಲಿಯೂ ಇರಲಿಲ್ಲ. ವೈನಿ ನಗುತ್ತಿದ್ದರು. ನಿಮಗೆ ಗೊತ್ತಿರಬಹುದು, ಪುಣೆಯ ಹುಡುಗಿಯರು ಯುಗಾದಿಯ ಮೆರವಣಿಗೆಗೆ ಒಂಬತ್ತು ಗಜದ ನೌವಾರಿ ಕಚ್ಚೆ ಸೀರೆ ಉಟ್ಟು ಮೋಟರ್‌ಸೈಕಲ್ ಓಡಿಸುತ್ತಾರೆ. ಅದು ಉಟ್ಟದ್ದಲ್ಲ, ಕಚ್ಚೆ ನೆರಿಗೆ ಎಲ್ಲ ಮೊದಲೇ ಸೇರಿಸಿ ಹೊಲಿದದ್ದು. ಚಡ್ಡಿ ಹಾಕಿಕೊಂಡಂತೆ ಹಾಕಿಕೊಂಡರಾಯಿತು, ಬಿಚ್ಚುವ ಭಯವಿಲ್ಲ. ಅಂಥದನ್ನು ಹೊಲಿಯುವ ದರ್ಜಿಯೊಬ್ಬ ಸಾಸವಡದಲ್ಲಿ ವೈನಿಗೆ ಪರಿಚಯ. ಬಟ್ಟೆ ಮಾತ್ರ ನೈಲಾನ್ ಬೇಕು. ಜೋಶಿ ಕಾಕಾ ಚಾಪೆಯ ಕೆಳಗೆ ತೂರಿದರೆ ಅವರ ಹೆಂಡತಿ ರಂಗೋಲಿಯ ಕೆಳಗೆ ತೂರಿದ್ದರು.

ನೈಲಾನ್ ತರುವ ಕೆಲಸ ನನ್ನ ಪಾಲಿಗೆ ಬಂತು. ರೇಷ್ಮೆ, ಹತ್ತಿ ಬಿಟ್ಟು ಬೇರೆ ಬಟ್ಟೆಯನ್ನು ಹೊಸ್ತಿಲೊಳಗೆ ಸೇರಿಸದ ನಾನು ಪರಿಚಯದವರು ಯಾರೂ ನೋಡದಿರಲಿ ಎಂದು ಬೇಡಿಕೊಳ್ಳುತ್ತ ಈಜುಡುಪಿನ ಬಟ್ಟೆ ಮಾರುವ ಅಂಗಡಿಗೆ ಹೋಗಿ ಕಡುಗೆಂಪು ನೈಲಾನ್ ಕೇಳಿದೆ. "ಎಷ್ಟು ಜನರ ತಂಡ?" ಎಂದ ಅವನು. ಒಬ್ಬಳದೇ ಎಂದಾಗ ನನ್ನನ್ನು ಬಹಳ ಹೊತ್ತು ನೋಡಿದ. ಮನೆಗೆ ತಂದರೆ ಅಕ್ಕ, "ದಡಿ ಎಲ್ಲಿ?" ಎಂದಳು. ದಡಿ, ಅಂದರೆ ಅಂಚು, ಇಲ್ಲದ್ದು ಸೀರೆಯೇ ಅಲ್ಲವಂತೆ. ಮತ್ತೆ ಹೋಗಿ ಹಳದಿ ನೈಲಾನ್ ಪಟ್ಟಿ ತಂದೆ.

ಹೊಲಿದದ್ದು ಬಂತು. ಹಿರಿಯ ನಾಗರಿಕರಿಗೆ ಮೀಸಲಾದ ಸಂಜೆಯ ಒಂದು ತಾಸಿನಲ್ಲಿ ಸೀರೆಯ ಪರೀಕ್ಷೆ ಎಂದು ಜೋಶಿ ಕಾಕಾ ಸಾರಿದರು. ಬಾಲ್ಕನಿಗಳಲ್ಲಿ ಜನ ನಿಂತರು. ಕಾಕಾ ಒಂದು ಬಕೆಟ್ ತರಿಸಿ ಅದರಲ್ಲಿ ಸೆರಗಿನ ತುದಿ ಅದ್ದಿಸಿದರು. ಬಣ್ಣ ಬಿಡಲಿಲ್ಲ. ಹೊಲಿಗೆ ಜಗ್ಗಿ ನೋಡಲು ಕೈ ಚಾಚಿದವರು ಅಕ್ಕನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಕಡೆಗೆ ಒಂದು ನೇರಳೆ ರಬ್ಬರ್ ಟೋಪಿ ಕೊಟ್ಟು, ಇದಿಲ್ಲದೆ ಇಳಿಯುವಂತಿಲ್ಲ ಎಂದರು. ಅಕ್ಕನ ತುರುಬಿನ ಮೇಲೆ ಟೋಪಿ ಏರಿಸುವುದಕ್ಕೆ ಶಾಂತಾ, ವೈನಿ ಇಬ್ಬರೂ ಬೇಕಾದರು. ಏರಿದ ಮೇಲೆ ಅಕ್ಕನ ತಲೆ ಹಿಂದಕ್ಕೆ ಉಬ್ಬಿ ಥೇಟ್ ಸೋರೆಬುರುಡೆಯ ಹಾಗೆ ಕಂಡಿತು. ನಾನು ನಕ್ಕೆ. ಅವಳೂ ಕೊಳದ ನೀರಿನಲ್ಲಿ ತನ್ನನ್ನು ನೋಡಿಕೊಂಡು ನಕ್ಕಳು. "ಈಗ ಯಾರ ಬೆನ್ನಿಗೆ ಕಟ್ಟೂಣು?" ಎಂದಳು.

ಕಬ್ಬಿಣದ ಏಣಿ ಹಿಡಿದು, ಒಂದೊಂದೇ ಕಾಲನ್ನು ಇಡುತ್ತ, ನೋವಿಗೆ ತುಟಿ ಕಚ್ಚುತ್ತ ಅವಳು ಇಳಿದಳು. ಎದೆಮಟ್ಟ ನೀರು ಬಂದಾಗ ನಿಂತಳು. ಡಾಕ್ಟರರು ಹೇಳಿದಂತೆ ನಡೆದಳು, ಆ ಗೋಡೆಯಿಂದ ಈ ಗೋಡೆಗೆ. ಜೀವರಕ್ಷಕ ದತ್ತಾ ಕೊರಳಲ್ಲಿ ಸೀಟಿ ಹಾಕಿಕೊಂಡು ದಡದಲ್ಲಿ ನಿಂತಿದ್ದ. ಎಲ್ಲ ಕಾಯಿದೆಯ ಪ್ರಕಾರ ನಡೆಯುತ್ತಿದೆಯೆಂದು ಜೋಶಿ ಕಾಕಾ ಕುರ್ಚಿಯಲ್ಲಿ ಒರಗಿದರು. ಅದೇ ಗಳಿಗೆಯಲ್ಲಿ ನೇರಳೆ ಟೋಪಿ ಮುಳುಗಿತು.

"ಸೆಕ್ರೆಟರಿ! ಹಗ್ಗ!" ಎಂದು ಕೂಗಿದರು ಕಾಕಾ.

ಟೋಪಿ ಹಗ್ಗದ ಆಚೆ ಎದ್ದಿತು. ನೀರಿಗೆ ಹಾರಲು ಹೊರಟ ದತ್ತಾ ಹಾಗೆಯೇ ನಿಂತ. ಅಕ್ಕ ಉದ್ದಕ್ಕೆ ಕೈ ಬೀಸುತ್ತ, ಸದ್ದಿಲ್ಲದೆ, ಆಳದ ತುದಿಗೆ ಹೋಗಿ ಗೋಡೆ ಮುಟ್ಟಿ ತಿರುಗಿದಳು. ಎರಡು ಹೆಜ್ಜೆ ಇಡಲು ನನ್ನ ಭುಜ ಹಿಡಿಯುತ್ತಿದ್ದವಳು. ನಡುಕೊಳಕ್ಕೆ ಬಂದು ಅಂಗಾತ ಹೊರಳಿ, ಕೈಕಾಲು ಬಿಟ್ಟು, ತೇಲಿದಳು. ಹಳದಿ ದಡಿಯ ಸೆರಗು ಪಕ್ಕದಲ್ಲಿ ಹರಡಿಕೊಂಡಿತು. ಬಾಲ್ಕನಿಯಿಂದ ಯಾರೋ ಚಪ್ಪಾಳೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು, ಕ್ಲೋರಿನ್ ಜಾಸ್ತಿಯಾಗಿದೆ ಎಂದು ಶಾಂತಾಳಿಗೆ ಹೇಳಿದೆ.

"ಈಜಿನ ಪರೀಕ್ಷೆ ಕೊಟ್ಟಿಲ್ಲ," ಎಂದರು ಕಾಕಾ, ಸಣ್ಣಗೆ.

"ಇದೇನು ಮತ್ತೆ?" ಎಂದರು ಸುಲಭಾ ವೈನಿ.

ಹಿರಿಯರ ವೇಳೆ ಮುಗಿಯಿತು. ವೇಳೆ ಮುಗಿದ ಕೂಡಲೇ ಮೇಲೆ ಬರಬೇಕೆಂಬುದು ನಿಯಮ. ದತ್ತಾ ಸೀಟಿ ಊದಿದ. ಅಕ್ಕ ಅಲುಗಲಿಲ್ಲ. ಆಕಾಶ ನೋಡುತ್ತಿದ್ದಳು. ಕಾತ್ರಜದ ಗುಡ್ಡದ ಮೇಲಿಂದ ಹಿಡಿದು ನಮ್ಮ ಕಟ್ಟಡದ ತುದಿಯವರೆಗೆ ಇದ್ದ ಅಗಲವಾದ ಆಕಾಶ. ದತ್ತಾ ಇನ್ನೂ ಜೋರಾಗಿ ಊದಿದ. ಜೋಶಿ ಕಾಕಾ ನನ್ನ ಕಡೆ ನೋಡಿದರು. ಕಾರ್ಯದರ್ಶಿ ಏನಾದರೂ ಹೇಳಲೇಬೇಕಿತ್ತು.

"ಕಿವಿ ನೀರೊಳಗಿವೆ, ಮೇಲಿಂದ ಟೋಪಿ ಬೇರೆ. ಕೇಳಿಸುವುದಿಲ್ಲ," ಎಂದೆ. "ಊದಬೇಡ ದತ್ತಾ. ಸುಮ್ಮನೆ ಗಾಳಿ ಖರ್ಚು."

ಕಾಕಾ ಕುರ್ಚಿಯನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಂಡು ಕೂತರು. ನಾವೆಲ್ಲ ಕಾದೆವು. ಅಕ್ಕ ಅವಳಿಗೆ ಸಾಕೆನಿಸಿದಾಗ ಏಣಿಯ ಬಳಿಗೆ ಬಂದಳು. ನಾನು ಕೈ ಕೊಟ್ಟೆ. ನೈಲಾನ್ ಸೀರೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬಣ್ಣ ಒಂದು ಹನಿಯೂ ಬಿಟ್ಟಿರಲಿಲ್ಲ.

"ದತ್ತಾ ಎಷ್ಟ್ ಸಲ ಸೀಟಿ ಹೊಡದಾ, ನಿನಗ ಕೇಳಸಲೇ ಇಲ್ಲ" ಎಂದೆ.

"ಕೇಳಿತೋ ತಮ್ಮಾ," ಎಂದಳು ಅಕ್ಕ, ಟೋಪಿ ಕೀಳುತ್ತ. "ಅವತ್ತ ಅವ್ವ ಕರದದ್ದೂ ಕೇಳಿತ್ತು. ಅವತ್ತ ಎದ್ದ ಬಂದಿದ್ದೆ."

ಟೋಪಿಯೊಳಗಿನ ನೀರು ಚೆಲ್ಲಿ ನನ್ನ ಕೈಗೆ ಕೊಟ್ಟಳು. "ಒಣಗಾಕ ಹಾಕು. ನಾಳೆ ಬೇಕು."